ಲಿಫ್ಟ್ ಭಾವನ ವೋಲ್ಟೇಜು

"ನೋಡಿ ಮೇಡಂ, ಕುದುರೆ ಓಡಿದ ಹಾಗೆ ಓಡುತ್ತೆ" ಎಂದು ವಿಡಿಯೋ ಅಂಗಡಿಯವನು ಹೇಳುತ್ತಿದ್ದಂತೆಯೇ ಕಂಪ್ಯೂಟರ್ ಆರಿಹೋಯಿತು. ತಾನೇ ಆರಿಸಿದೆನೆಂದು ಸಮಜಾಯಿಷಿ ಕೊಟ್ಟ. ಅವನ ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ಬಿಸ್ಕತ್ತು ಇದ್ದುದನ್ನು ಹೆಡ್‌ಮಿಸ್ಸು ನೋಡಿಯೂ ನೋಡದಂತಿದ್ದರು. ಶಾಲೆಗೆ ಇಪ್ಪತ್ತೈದು ವರ್ಷ ತುಂಬಿದ ಸಮಾರಂಭದ ಚಿತ್ರ ಸಂಜೆ ಐದಕ್ಕೆ ಕೈಸೇರದಿದ್ದರೆ, ಆರುನೂರು ಜನರೆದುರು ಖಾಲಿ ಪರದೆಯ ಪಕ್ಕ ಅವನನ್ನೇ ನಿಲ್ಲಿಸುವುದಾಗಿ ಹೇಳಿ ಹೋದರು.

ತಪ್ಪು ಅವನದೇ. ತುಣುಕುಗಳನ್ನೆಲ್ಲ ಕಂಪ್ಯೂಟರ್ ಒಂದೇ ಚಿತ್ರವಾಗಿ ಹೆಣೆಯುವ ಕೆಲಸ ಬೇಗ ಮುಗಿಯಲೆಂದು ಹಿಂದಿನ ದಿನ ಪ್ರೊಸೆಸರಿನ ವೇಗವನ್ನು ಕಂಪನಿ ಇಟ್ಟದ್ದಕ್ಕಿಂತ ಏರಿಸಿದ್ದ. ಓಡುವವನಿಗೆ ಊಟ ಬೇಕಲ್ಲ ಎಂದು ವೋಲ್ಟೇಜನ್ನೂ ಧಾರಾಳವಾಗಿ ಬಡಿಸಿದ್ದ.

ಕೊನೆಗೆ ಷಡ್ಡಕರಿಗೇ ಫೋನು ಹೋಯಿತು. ಹೆಂಡತಿಯ ಅಕ್ಕನ ಗಂಡ, ಕಸುಬಿನಲ್ಲಿ ಲಿಫ್ಟ್ ಮೆಕ್ಯಾನಿಕ್, ಮನೆಯಲ್ಲಿ ಕಂಪ್ಯೂಟರ್ ಹುಚ್ಚರು. ರಿಪೇರಿಯಾದ ಲಿಫ್ಟಿನಲ್ಲಿ ತಾವೊಬ್ಬರೇ ಐವತ್ತು ಸಲ ಹತ್ತಿಳಿಯದೆ ಬೇರೆಯವರನ್ನು ಒಳಗೆ ಬಿಡುವ ಆಸಾಮಿಯಲ್ಲ. ಮಾತು ಅಳೆದು ತೂಗಿ. ಅದರಲ್ಲೂ ತೂಗುವುದೇ ಹೆಚ್ಚು.

ಬಂದವರೇ ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು ನೋಡಿ, ವೇಗ, ವೋಲ್ಟೇಜು ಎರಡನ್ನೂ ಇಳಿಸಿದರು.

"ಹೊಟ್ಟೆಗೆ ಕಮ್ಮಿ ಮಾಡಿದ್ರೆ ಸುಸ್ತಾಗಲ್ವಾ ಭಾವ?"

"ನೀನು ತಿನ್ನಿಸಿದ್ದು ಜಾಸ್ತಿಯಾಗಿದೆ. ಬಿಸಿಯಾದ್ರೆ ತಾನೇ ನಿಧಾನ ಆಗುತ್ತೆ. ಇನ್ನೂ ಬಿಸಿಯಾದ್ರೆ ಮಲಗಿಬಿಡುತ್ತೆ."

ಅರ್ಥವಾಯಿತೆಂದು ಅವನು ತಲೆಯಾಡಿಸುವಷ್ಟರಲ್ಲಿ ಕಂಪ್ಯೂಟರ್ ಮತ್ತೆ ಮಲಗಿತು. ಈ ಸಲ ವೋಲ್ಟೇಜು ಕಡಿಮೆಯಾಯಿತಂತೆ. ಭಾವ ಕೂದಲೆಳೆಯಷ್ಟು ಏರಿಸಿ, ಅಂಕಿಯನ್ನು ಪೆನ್ಸಿಲಿನಲ್ಲಿ ಪೆಟ್ಟಿಗೆಯ ಮೇಲೇ ಬರೆದರು. ಹೆಚ್ಚಾದರೂ ಸಾವು, ಕಡಿಮೆಯಾದರೂ ಸಾವು. ಅಂಗಡಿಯವನಿಗೆ ತಮ್ಮಿಬ್ಬರ ಮಾವನವರು ನೆನಪಾದರು. ಅವರಿಗೂ ಅಳಿಯಂದಿರು ಮಾತಾಡಿದರೂ ಸಿಟ್ಟು, ಸುಮ್ಮನಿದ್ದರೂ ಸಿಟ್ಟು.

ಮೂರನೆಯ ಅಂಕಿಗೆ ಯಂತ್ರ ಕೆಮ್ಮಲಿಲ್ಲ. ಆದರೂ ಚಿತ್ರ ಹೆಣೆಯಲು ಹಚ್ಚುವುದಕ್ಕೆ ಭಾವ ಬಿಡಲೊಲ್ಲರು. ದೊಡ್ಡ ದೊಡ್ಡ ಲೆಕ್ಕ ಮಾಡಿಸಿ ದಣಿಸುವ ಪರೀಕ್ಷೆಯೊಂದನ್ನು ಹಚ್ಚಿ ಕೈಕಟ್ಟಿ ಕೂತರು. ಹನ್ನೆರಡಾಯಿತು, ಒಂದಾಯಿತು, ಎರಡಾಯಿತು. ಐದಕ್ಕೆ ಕೊಡಬೇಕಾದ ಕೆಲಸ ಬಿಟ್ಟು ಯಾರಿಗೂ ಬೇಡದ ಲೆಕ್ಕ ಬಿಡಿಸುವುದು ಎಂಥ ಜಾಣತನವೆಂದು ಕೇಳಲು ಬಾಯಿ ತೆರೆದವನು, ಪೆನ್ಸಿಲನ್ನು ನೋಡಿ ಮುಚ್ಚಿದ.

ಎರಡೂವರೆಗೆ ಅಪ್ಪಣೆಯಾಯಿತು. ಹಿಂದಿನ ದಿನ ಮೂರು ಗಂಟೆ ತೆವಳಿಯೂ ಮುಗಿಯದ ಚಿತ್ರ, ವೇಗ ಇಳಿಸಿದ ಮೇಲೆ ಎರಡೇ ಗಂಟೆಯಲ್ಲಿ ಮುಗಿಯಿತು. ಇಳಿಸಿದರೆ ಏರುವ ಈ ನ್ಯಾಯ ಅವನ ತಲೆಗೆ ಹತ್ತಲಿಲ್ಲ. ಐದಕ್ಕೆ ಹತ್ತು ನಿಮಿಷವಿರುವಾಗ ಹೆಡ್‌ಮಿಸ್ಸು ಬಂದು, ಪೂರ್ತಿ ನೋಡಿ, ಚಿತ್ರ ಒಯ್ದರು.

ಅವನಿಗೆ ಹೋದ ಜೀವ ಬಂದಂತಾಯಿತು.

"ಅಂತೂ ಮಿಷನ್ನು ಪೂರ್ತಿ ಸರಿಹೋಯ್ತಲ್ವಾ ಭಾವ?"

ಭಾವ ಚಪ್ಪಲಿ ಮೆಟ್ಟಿಕೊಂಡರು.

"ಇನ್ನೂ ಕೆಟ್ಟಿಲ್ಲ."