ಓದದೆ ಓಡಿದ ಕುದುರೆಗಳು

ನನ್ನ ಸೋದರತ್ತೆಗೆ ಶಾಲೆಯಲ್ಲಿ 'ಏನಾಯ್ತು ಟೀಚರ್' ಎಂದೇ ಹೆಸರು. ಇಪ್ಪತ್ತೆಂಟು ವರ್ಷದಿಂದ ಏಳನೆಯ ತರಗತಿಗೆ ಭಾಷೆ ಕಲಿಸುತ್ತಿದ್ದಾಳೆ. ಅವಳ ವಿಧಾನ ಒಂದೇ. ಒಂದು ಪುಟ ಓದಿಸುವುದು, ಪುಸ್ತಕ ಮುಚ್ಚಿಸುವುದು, ಬೆರಳು ತೋರಿಸಿ ಕೇಳುವುದು: "ಈಗ ಹೇಳು, ಏನಾಯ್ತು?" ಮನೆಯಲ್ಲೂ ಬಿಡುವುದಿಲ್ಲ. ಮಾವ ಪೇಪರು ಮಡಿಸಿಡುವುದೇ ತಡ, ಅಡುಗೆಮನೆಯಿಂದ ಪ್ರಶ್ನೆ ಬರುತ್ತದೆ. ಮಾವ ಪಾಪ, ಗಡಿಯಾರ ರಿಪೇರಿಯವನು, ಹವಾಮಾನದ ಮೂಲೆಯನ್ನಷ್ಟೇ ಓದುವವನು. "ಏನಾಗತ್ತೆ, ಮೋಡವಂತೆ" ಎಂದು ದಿನವೂ ತಪ್ಪಿಸಿಕೊಳ್ಳುತ್ತಾನೆ.

ಒಂದು ವರ್ಷ ಶಾಲೆಗೆ ಆನ್‌ಲೈನ್ ಆಟವೊಂದು ಬಂತು. ಓದಿದ್ದನ್ನು ಅರ್ಥ ಮಾಡಿಕೊಳ್ಳುವ ಶಕ್ತಿ ಬೆಳೆಸುವ ಆಟವಂತೆ. ಪರದೆಯ ಮೇಲೆ ಒಂದು ಕಥೆ, ಕೆಳಗೆ ಒಂದು ಪ್ರಶ್ನೆ, ನಾಲ್ಕು ಉತ್ತರ. ಸರಿಯಾದುದನ್ನು ಒತ್ತಿದರೆ ಮಗುವಿನ ಕುದುರೆ ಓಡುತ್ತದೆ; ಬೇಗ ಒತ್ತಿದಷ್ಟೂ ಜೋರಾಗಿ ಓಡುತ್ತದೆ. ಹಳೆಯ ಹೊಲಿಗೆ ಕೋಣೆಯಲ್ಲಿ ಕಂಪ್ಯೂಟರುಗಳು ಸಾಲಾಗಿ ಕೂತವು. ಅವಕ್ಕೆ ಧೂಳು ತಾಗಬಾರದೆಂದು ಕಿಟಕಿಗಳು ಮುಚ್ಚಿದವು. ಹೆಡ್ ಮಾಸ್ತರು ತಮ್ಮ ಕೋಣೆಯ ಪರದೆಯಲ್ಲಿ ನಲವತ್ತೊಂದು ಕುದುರೆಗಳನ್ನು ನೋಡುತ್ತ, ಟೀ ಆರಿಹೋದದ್ದೂ ತಿಳಿಯದೆ ಕೂರತೊಡಗಿದರು.

ಮೂರೇ ವಾರದಲ್ಲಿ ತರಗತಿ ನೂರಕ್ಕೆ ತೊಂಬತ್ತಾರು ಮುಟ್ಟಿತು. ಅತ್ತೆಗೆ ಖುಷಿಗಿಂತ ಅನುಮಾನವೇ ಹೆಚ್ಚಾಯಿತು. ಸಮುದ್ರದಂಚಿನ ದೀಪಸ್ತಂಭ ಕಾಯುವ ಮುದುಕನ ಕಥೆ ಮುಗಿದ ಕೂಡಲೇ ಮೊದಲ ಸ್ಥಾನದ ಹುಡುಗಿಯನ್ನು ಎಬ್ಬಿಸಿದಳು.

"ಏನಾಯ್ತು?"

"ಗೆದ್ದೆ ಮಿಸ್."

"ನಿನಗಲ್ಲ ಕಣೇ, ಮುದುಕನಿಗೆ."

"ಯಾವ ಮುದುಕ ಮಿಸ್?"

ಪಕ್ಕದವಳಿಗೆ ಬಾಯಿ ಕಟ್ಟಲಾಗಲಿಲ್ಲ. "ಉದ್ದ ಇರೋ ಉತ್ತರ ಒತ್ತಿದ್ರೆ ಸಾಕು ಮಿಸ್, ಯಾವಾಗ್ಲೂ ಅದೇ ಸರಿ. ಕಥೆ ಓದ್ತಾ ಕೂತ್ರೆ ಕುದುರೆ ನಿಂತೇಬಿಡತ್ತೆ. ಅವಳದ್ದು ನೋಡಿ."

ಅವಳೆಂದರೆ ದರ್ಜಿಯ ಮಗಳು. ಅವಳ ಕುದುರೆ ಲಾಯ ಬಿಟ್ಟು ಹೊರಗೇ ಬಂದಿರಲಿಲ್ಲ. ತುಟಿ ಅಲುಗಿಸುತ್ತ, ಅವಳಮ್ಮ ಹೊಲಿಗೆ ಹಾಕುವಷ್ಟೇ ಒತ್ತೊತ್ತಾಗಿ, ಒಂದು ಪದವನ್ನೂ ಬಿಡದೆ ಓದುತ್ತಿದ್ದಳು. ಅತ್ತೆಯ ಬೆರಳು ಅವಳತ್ತ ತಿರುಗಿತು. "ಅವನಿಗೆ ಮೆಟ್ಟಿಲು ಹತ್ತುವಾಗ ಮಂಡಿ ನೋಯ್ತಿತ್ತು ಮಿಸ್. ಯಾರಿಗೂ ಹೇಳ್ಲಿಲ್ಲ, ದೀಪ ಹಚ್ಚಿದ" ಎಂದಳು. ಅವಳ ಸ್ಥಾನ ನಲವತ್ತೊಂದು.

ಕೊನೆಯ ಸ್ಥಾನದವಳನ್ನು 'ಓದು ಬಾರದವರ ಪಟ್ಟಿ'ಗೆ ಸೇರಿಸಿ, ಶುಕ್ರವಾರದೊಳಗೆ ಕೊಡಿ ಎಂದು ಹೆಡ್ ಮಾಸ್ತರು ಹೇಳಿಕಳಿಸಿದರು. ಪಟ್ಟಿಗೆ ಸೇರಿದವರು ದಿನವೂ ಶಾಲೆ ಬಿಟ್ಟ ಮೇಲೆ ಅತ್ತೆಯ ಮುಂದೆ ಕೂತು ಅಕ್ಷರ ತಿದ್ದಬೇಕು. ಗ್ರಂಥಾಲಯದ ಕಾರ್ಡು ಹಿಂದಿರುಗಿಸಬೇಕು. ಓದು ಬಾರದವರಿಗೆ ಪುಸ್ತಕವೇಕೆ ಎಂಬುದು ತರ್ಕ. ಆ ಹುಡುಗಿ ವಾರಕ್ಕೆ ಎರಡು ಪುಸ್ತಕ ಒಯ್ಯುತ್ತಿದ್ದಳು. ಪುಟದ ಗುರುತಿಗೆ ಇಟ್ಟ ಬಟ್ಟೆಚೂರುಗಳು ಅರ್ಧ ಗ್ರಂಥಾಲಯದಲ್ಲಿ ಇಣುಕುತ್ತಿದ್ದವು.

ಅತ್ತೆ ಹೋಗಿ ಹೇಳಿದಳು, "ಅವಳಿಗೆ ಓದು ಬರತ್ತೆ ಸಾರ್. ಬರೋದು ಅವಳೊಬ್ಬಳಿಗೇ."

"ನಿಮಗೆ ಕಂಪ್ಯೂಟರ್ ಕಂಡ್ರಾಗಲ್ಲ ಅಂತ ನಂಗೊತ್ತು ಟೀಚರೇ. ಹಾಗಂತ ಕುದುರೆ ಸುಳ್ಳು ಹೇಳತ್ತಾ?"

ಆಟಕ್ಕೆ ಶಿಕ್ಷಕರೂ ತಮ್ಮದೊಂದು ಕಥೆ ಸೇರಿಸಬಹುದಿತ್ತು. ಬುಧವಾರ ಮನೆಯಲ್ಲಿ ಅತ್ತೆ ಹೇಳುತ್ತ ಹೋದಳು, ಮಾವ ಗಡಿಯಾರದ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಒಂದೊಂದೇ ಅಕ್ಷರ ಒತ್ತಿದ. ಗುಬ್ಬಿಯೊಂದು ಕೋಣೆಯೊಳಗೆ ಸಿಕ್ಕಿಬಿದ್ದ ಕಥೆ. ನಡುವೆ ಮಾವನ ಬೆರಳು ನಿಂತಿತು.

"ಇದೇನೇ? 'ಇಲ್ಲಿಯವರೆಗೆ ಓದಿದವರು ಯಾವ ಉತ್ತರವನ್ನೂ ಒತ್ತದೆ, ಎದ್ದು ಹೋಗಿ ಕಿಟಕಿ ತೆರೆಯಿರಿ'? ಕಥೇಲಿ ಇದೆಲ್ಲಿಂದ ಬಂತು?"

"ಓದಿದ್ರಾ? ಹಾಗಾದ್ರೆ ನೀವು ಪಾಸು."

ಶುಕ್ರವಾರ ಹೆಡ್ ಮಾಸ್ತರೇ ಬಂದರು. "ನಾನೂ ಒಂದು ಕುದುರೆ ಬಿಡ್ತೀನಿ, ಮಕ್ಕಳಿಗೆ ಹುರುಪು ಬರ್ಲಿ" ಎಂದು ಬಾಗಿಲ ಬಳಿಯ ಕಂಪ್ಯೂಟರಿಗೆ ಕೂತರು. ಗಂಟೆ ಹೊಡೆದು, ಗುಬ್ಬಿಯ ಕಥೆ ಪರದೆಗೆ ಬಂತು. ಎಂಟು ಸೆಕೆಂಡಿಗೆ ಮೊದಲ ಕುದುರೆ ಓಡಿತು, ಹಿಂದೆಯೇ ಉಳಿದವು. ಹೆಡ್ ಮಾಸ್ತರದು ಮೂರನೆಯದು. ಅವರಿಗೂ ಉದ್ದದ ಉತ್ತರವೇ ಹಿಡಿಸಿತ್ತು. ಪರದೆಗಳಲ್ಲೆಲ್ಲ ಬಣ್ಣದ ಕಾಗದ ಉದುರಿ ತುತ್ತೂರಿ ಊದಿತು.

ಆ ಗದ್ದಲದಲ್ಲಿ ದರ್ಜಿಯ ಮಗಳು ಎದ್ದಳು. ಕುರ್ಚಿಗಳ ಸಂದಿಯಲ್ಲಿ ನಡೆದುಹೋಗಿ, ಬಿಗಿದುಹೋಗಿದ್ದ ಚಿಲಕವನ್ನು ಎರಡು ಕೈಯಲ್ಲಿ ಎಳೆದು ಕಿಟಕಿ ತೆರೆದಳು. ಬಿಸಿಲು ಕೀಬೋರ್ಡುಗಳ ಮೇಲೆ ಬಿತ್ತು.

"ಯಾರಮ್ಮ ಅದು? ಧೂಳು ಬರತ್ತೆ, ಮುಚ್ಚು!"

"ಬರ್ದಿದೆ ಸಾರ್."

"ಎಲ್ಲಿ ಬರ್ದಿದೆ?" ಎಂದರೇ ಹೊರತು ಅವರು ಪರದೆಯತ್ತ ತಿರುಗಲಿಲ್ಲ. "ನೋಡಿ ಟೀಚರೇ, ಕಿಟಕಿ ತೆಗೆಯೋಕೆ ಪುರುಸೊತ್ತಿದೆ, ಕುದುರೆ ಮಾತ್ರ ಲಾಯದಲ್ಲೇ! ಓದು ಬಾರದವರ ಪಟ್ಟಿ ಈಗ್ಲೇ ಬರೀರಿ, ಸಹಿ ಹಾಕಿ ಮುಗಿಸ್ತೀನಿ."

ಅತ್ತೆ ಒಂದು ಹಾಳೆ ತೆಗೆದಳು. ಆಮೇಲೆ ಕೂತು, ಉತ್ತರ ಒತ್ತಿದವರ ಹೆಸರುಗಳನ್ನೆಲ್ಲ ನಿಧಾನವಾಗಿ, ದುಂಡಗೆ ಬರೆದಳು. ಹಾಳೆಯ ಹಿಂಬದಿಗೂ ಹೋಗಬೇಕಾಯಿತು. ದರ್ಜಿಯ ಮಗಳ ಹೆಸರು ಅದರಲ್ಲಿರಲಿಲ್ಲ.

ಹೆಡ್ ಮಾಸ್ತರು ಜೇಬಿನಿಂದ ಪೆನ್ನು ತೆಗೆದು, ನಿಂತಲ್ಲೇ ಸಹಿ ಹಾಕಿ, ಮೊಹರು ಒತ್ತಿಸಲು ಆಫೀಸಿಗೆ ಕಳಿಸಿದರು. ಅವರ ಕಣ್ಣು ಇನ್ನೂ ತಮ್ಮ ಕುದುರೆಯ ಮೇಲಿತ್ತು. ಅದು ಬಹುಮಾನದ ಕಪ್ ಹಿಡಿದು ಕುಣಿಯುತ್ತಿತ್ತು.

ಸೋಮವಾರ ಶಾಲೆ ಬಿಟ್ಟ ಮೇಲೆ ಅತ್ತೆ ಅಕ್ಷರ ತಿದ್ದುವವರಿಗಾಗಿ ನಲವತ್ತೊಂದು ಕುರ್ಚಿ ಹಾಕಿಸಿದಳು. ನಲವತ್ತು ಚಿಕ್ಕವು. ಬಾಗಿಲ ಬಳಿಯದು ಸ್ವಲ್ಪ ದೊಡ್ಡದು, ಕೈಯಿರುವುದು.