ಬಸಿರಿಲ್ಲದ ಬಂಗು

ಭೂಕಂಪದಲ್ಲಿ ನಮ್ಮ ಮನೆ ಬೀಳಲಿಲ್ಲ, ಗೋಡೆ ಬಿರಿಯಿತು ಅಷ್ಟೆ. ಆದರೂ ಮಾವ ಮತ್ತೆ ಕಲ್ಲಿನ ಮಾಳಿಗೆಯ ಕೆಳಗೆ ಮಲಗಲು ಒಪ್ಪಲಿಲ್ಲ. ಗಡಿಯಾಚೆ ಮರಾಠಿ ಸೀಮೆಯ ಕಾಸಾರಶಿರಸಿಯಲ್ಲಿದ್ದ ನಮ್ಮ ಕಿರಾಣಿ ಅಂಗಡಿಯ ಹಿಂದೆ ತಗಡಿನ ಶೆಡ್ಡು ಹಾಕಿಸಿದರು. ವರ್ಷಗಳು ಕಳೆದರೂ ಎಲ್ಲರೂ ಅದರಲ್ಲೇ ಇದ್ದೆವು: ಅತ್ತೆ, ಮಾವ, ನಾವಿಬ್ಬರು, ನಮ್ಮ ಇಬ್ಬರು ಹೆಣ್ಣುಮಕ್ಕಳು. ನಡುವೆ ಒಂದು ಹಳೆ ಸೀರೆಯ ಪರದೆ. ಬಸವಕಲ್ಯಾಣದ ಕಡೆಯಿಂದ ಮದುವೆಯಾಗಿ ಬಂದಿದ್ದ ನನಗೆ, ಜೋರಾಗಿ ಉಸಿರು ಬಿಟ್ಟರೂ ಯಾರಿಗಾದರೂ ಕೇಳಿಸುತ್ತದೆ ಅನ್ನಿಸುತ್ತಿತ್ತು.

ಎರಡನೆಯ ಹೆರಿಗೆಯಲ್ಲಿ ನಾನು ಸತ್ತು ಬದುಕಿದ್ದೆ. ಇನ್ನು ಮಕ್ಕಳು ಬೇಡವೆಂದು ಗಂಡ ಹೆಂಡತಿ ಮಾತಾಡಿಕೊಂಡೆವು. ಅತ್ತೆಗೆ ಮಾತ್ರ ಗಂಡು ಮೊಮ್ಮಗ ಬೇಕಿತ್ತು. ತಾಯಿಯೆದುರು ಬಾಯಿ ಬಿಡುವ ಧೈರ್ಯ ನನ್ನ ಗಂಡನಿಗಿರಲಿಲ್ಲ. ಸಾಮಾನು ತರಲು ನಿಲಂಗಾಕ್ಕೆ ಹೋದಾಗ ಮಕ್ಕಳಾಗದ ಗುಳಿಗೆ ತಂದು ಕೊಡುತ್ತಿದ್ದರು. ಕೌದಿಯ ಹರಿದ ಅಂಚಿನೊಳಗೆ ಅವನ್ನು ಬಚ್ಚಿಡುತ್ತಿದ್ದೆ.

ಕೆಲವು ತಿಂಗಳಿಗೆ ನನ್ನ ಎರಡೂ ಕೆನ್ನೆ, ಮೇಲ್ದುಟಿಯ ಮೇಲೆ ಕಂದು ಕಲೆ ಮೂಡಿತು. ತುರಿಕೆಯಿಲ್ಲ, ನೋವಿಲ್ಲ. ಕಡಲೆಹಿಟ್ಟು ಹಚ್ಚಿ ತಿಕ್ಕಿದೆ. ಇನ್ನಷ್ಟು ಕಪ್ಪಾಯಿತು. ಸೆರಗು ಮುಂದೆಳೆದುಕೊಂಡು ಓಡಾಡಿದೆ. ಒಂದು ದಿನ ಜೋಳ ಹಸನು ಮಾಡುವಾಗ ಅತ್ತೆ ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದರು.

"ಬಂಗು ಬಿದ್ದಾವ. ನಿನ್ನ ಗಂಡ ಹೊಟ್ಟ್ಯಾಗಿದ್ದಾಗ ನನಗೂ ಹಿಂಗೇ ಬಿದ್ದಿದ್ವು. ಯಾಕ ಹೇಳಿಲ್ಲವಾ?"

"ಅಂಥಾದೇನಿಲ್ರೀ ಅವ್ವಾ. ಬಿಸಲಿಗಿ ಆಗ್ಯಾವ."

"ನಾಚಿಕಿ ಯಾಕ? ಸುಮ್ಮ ಕೂಡು."

ಆವತ್ತಿನಿಂದ ನೀರಿನ ಕೊಡ ನನ್ನ ಕೈಗೆ ಕೊಡಲಿಲ್ಲ. ಹಾಲು ಕಾಸಿ ಮುಂದಿಟ್ಟರು. ಅಂಗಡಿಗೆ ಬಂದ ಹೆಂಗಸರಿಗೆಲ್ಲ ಸುದ್ದಿ ಹೇಳಿದರು. ನಾನು ಗಂಡನ ಮುಖ ನೋಡಿದೆ. ಅವರು ಸಕ್ಕರೆ ತೂಗುತ್ತಿದ್ದರು. ತಕ್ಕಡಿಯಿಂದ ಕಣ್ಣೆತ್ತಲಿಲ್ಲ.

ಮುಟ್ಟಾದೆ. ಅಲ್ಲಿ ಮುಚ್ಚಿಡಲು ಜಾಗವೆಲ್ಲಿ? ಒಣಹಾಕಿದ ಬಟ್ಟೆ ಕಂಡ ಅತ್ತೆ, "ಇಳದು ಹೋತೇನವಾ" ಎಂದು ನನ್ನನ್ನು ತಬ್ಬಿಕೊಂಡು ಅಳತೊಡಗಿದರು. ಇಲ್ಲದ ಕೂಸಿಗಾಗಿ ಅವರು ಅಳುವುದನ್ನು ಕಂಡು ನನಗೂ ಅಳು ಬಂತು. ಅದನ್ನೂ ಅವರು ಕೂಸಿನ ದುಃಖವೆಂದೇ ತಿಳಿದರು.

ಬಂಗು ಹಾಗೆಯೇ ಇತ್ತು. ಹೊಟ್ಟೆಯೊಳಗೆ ಏನೋ ಉಳಿದಿರಬೇಕೆಂದು ಹೆದರಿ ಅತ್ತೆ ನನ್ನನ್ನು ಉದಗೀರಿನ ಒಬ್ಬ ಲೇಡಿ ಡಾಕ್ಟರ ಬಳಿ ಕರೆದೊಯ್ದರು. ಕೇಳಿದ್ದಕ್ಕೆಲ್ಲ ಮರಾಠಿಯಲ್ಲಿ ಅತ್ತೆಯೇ ಉತ್ತರಿಸಿದರು. ನಾನು ಅವರ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತಿದ್ದೆ. ಕೊನೆಗೆ ಡಾಕ್ಟರು ಕನ್ನಡದಲ್ಲಿ ನನ್ನನ್ನೇ ಕೇಳಿದರು.

"ಮಕ್ಕಳಾಗಬಾರದಂತ ಗುಳಿಗಿ ತಗೋತೀಯೇನು?"

ಇಲ್ಲವೆಂದರೆ ಇನ್ನೊಂದು ತಪಾಸಣೆ, ಮತ್ತೊಂದು ಸುಳ್ಳು.

"ತಗೋತೀನ್ರೀ."

ಅತ್ತೆ ಕಾಲು ಸರಿಸಿಕೊಂಡರು.

ಕೆಲವರಿಗೆ ಈ ಗುಳಿಗೆಯಿಂದಲೂ ಬಸುರಿಯರ ಹಾಗೆ ಬಂಗು ಬರಬಹುದು, ಬಿಸಿಲಿಗೆ ಹೆಚ್ಚುತ್ತದೆ, ಗುಳಿಗೆ ಬಿಟ್ಟರೆ ನಿಧಾನವಾಗಿ ತಿಳಿಯಾಗಬಹುದು, ಪೂರ್ತಿ ಹೋಗುತ್ತದೆಂದು ಹೇಳಲಾರೆ ಎಂದರು ಡಾಕ್ಟರು. ಬೇಕಿದ್ದರೆ ಗರ್ಭಕೋಶದಲ್ಲಿ ತಾಂಬಿ ಹಾಕಿಸಿಕೋ ಎಂದೂ ಹೇಳಿದರು. ಕಾಪರ್-ಟಿಗೆ ನಮ್ಮ ಕಡೆ ಹಾಗೆನ್ನುತ್ತಾರೆ.

ಊರಿನ ಬಸ್ಸು ಹಿಡಿಯಲು ನಿಲಂಗಾದಲ್ಲಿ ಇಳಿದೆವು. ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಅತ್ತೆ ಕೇಳಿದರು.

"ಅಂವಗ ಗೊತ್ತದೇನು?"

"ತಂದು ಕೊಡೋರೇ ಅವರು ರೀ."

"ನಾ ಅಷ್ಟು ಕಣ್ಣೀರ ಹಾಕ್ದೆ. ಆವಾಗರ ಹೇಳಬೇಕಿತ್ತು."

ನಾನು ಸೆರಗು ಮುಂದೆಳೆದುಕೊಂಡೆ. ಅವರೇ ಮತ್ತೆ ಅಂದರು: "ನಿಮ್ಮ ಮಾವನ ಮುಂದ ಬಾಯಿ ಬಿಡಬ್ಯಾಡ. ಆ ಗುಳಿಗಿ ಇವತ್ತಿಗಿ ಬಂದ್." ತಾಂಬಿಯ ಮಾತೆತ್ತಲು ನನಗೆ ನಾಲಿಗೆ ಏಳಲಿಲ್ಲ.

ಗುಳಿಗೆ ನಿಂತವು. ಇನ್ನೊಂದು ಹೆರಿಗೆಯ ಭಯಕ್ಕೆ ಮಕ್ಕಳ ನಡುವೆ ಮಲಗತೊಡಗಿದೆ. ಗಂಡ ಮುನಿಸಿಕೊಂಡರು. ಅತ್ತೆ ತಿಂಗಳು ತಿಂಗಳು ಬಟ್ಟೆ ಒಣಹಾಕುವ ಹಗ್ಗದ ಕಡೆ ನೋಡುತ್ತಿದ್ದರು.

ಕೊನೆಗೆ ಗುಂಜೋಟಿಯಲ್ಲಿದ್ದ ನನ್ನ ಅಕ್ಕನ ಮನೆಗೆ ಕೂಸನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರದ ನೆಪ ಹೇಳಿ ಹೋದೆ. ಎಲ್ಲ ಕೇಳಿದ ಅಕ್ಕ ಮರುದಿನವೇ ನನ್ನನ್ನು ಉಮರ್ಗಾಕ್ಕೆ ಕರೆದೊಯ್ದು ತಾಂಬಿ ಹಾಕಿಸಿದಳು. ಊರಿಗೆ ಬಂದು ಗಂಡನಿಗೆ ಹೇಳಿದೆ. ಅವರು ಬಾಗಿಲ ಕಡೆ ನೋಡಿ, "ಅವ್ವಗ ಹೇಳಬ್ಯಾಡ" ಅಂದರು.

ಬರುಬರುತ್ತ ಕೆನ್ನೆ ತಿಳಿಯಾಯಿತು. ತುಟಿಯ ಮೇಲಿನ ಕಲೆ ಈಗಲೂ ಇದೆ. ಅತ್ತೆ ಬಹಳ ವರ್ಷ ನನ್ನ ಹೊಟ್ಟೆಯ ಕಡೆ ನೋಡಿ "ಏನರ ಅದೇನವಾ?" ಎಂದು ಕೇಳುತ್ತಿದ್ದರು. "ಇಲ್ರೀ" ಅನ್ನುತ್ತಿದ್ದೆ. ಅದಕ್ಕಿಂತ ಹೆಚ್ಚು ಅವರೂ ಕೇಳಲಿಲ್ಲ.