ಸಾಲು ತುಂಬುವವರೆಗೆ

ನಮ್ಮೂರ ಡೇರಿಯಲ್ಲಿ ಹಾಲು ಪರೀಕ್ಷಿಸುತ್ತಿದ್ದ ಅಕ್ಕ ದಿನಾ ಬೆಳಿಗ್ಗೆ ಬೈಬಲಿನ ಒಂದೇ ವಾಕ್ಯ ಓದಿ, "ಓದಿದ್ದು ಇವತ್ತೇ ಮಾಡ್ಬೇಕು" ಎಂದು ಸೆರಗು ಸಿಕ್ಕಿಸುತ್ತಿದ್ದರು.

ಬೆಚ್ಚನೆಯ ಹಾಲು ಲ್ಯಾಕ್ಟೋಮೀಟರಿಗೆ ತೆಳ್ಳಗೆ ಕಾಣುತ್ತದೆ. ಒಂದು ದಿನ ಅದನ್ನು ಮರೆತು, ಆಗತಾನೇ ಹಾಲು ಕರೆದು ತಂದಿದ್ದ ಅಜ್ಜಿಯೊಬ್ಬರನ್ನು, "ಏನಜ್ಜಿ, ನೀರು ಬೆರ್ಸಿದ್ದೀಯಾ?" ಎಂದು ಸಾಲಿನೆದುರೇ ಗದರಿಸಿ ಕಳುಹಿಸಿಬಿಟ್ಟರು. ಪರೀಕ್ಷೆಗೆ ತೆಗೆದಿಟ್ಟ ಹಾಲು ಆರಿದ ಮೇಲೆ ನೋಡಿದರೆ, ನೀರೇ ಇರಲಿಲ್ಲ.

ಮರುದಿನ ಓದಿದ್ದು ಕ್ಷಮೆಯ ವಾಕ್ಯ. ಅಜ್ಜಿ ಎಲ್ಲರಿಗಿಂತ ಮೊದಲೇ ಬಂದರು.

"ನಿನ್ನೆ ತಪ್ಪು ನಂದೇ ಅಜ್ಜಿ."

"ಹೋಗ್ಲಿ ಬಿಡಮ್ಮ."

"ಹಂಗಾಗಲ್ಲ. ನಿನ್ನೆ ಇದ್ದೋರೆಲ್ಲ ಬರ್ಲಿ, ಕೂತ್ಕೋ."

ತಮ್ಮ ಕುರ್ಚಿಯನ್ನೇ ಕೊಟ್ಟು, ಸಾಲು ಬಾಗಿಲು ದಾಟುವವರೆಗೂ ನಿಂತು ಕಾದರು. ಆಮೇಲೆ ಕೈಮುಗಿದು, ಹಿಂದಿನ ದಿನ ಗದರಿದಷ್ಟೇ ಗಟ್ಟಿಯಾಗಿ ಕ್ಷಮೆ ಕೇಳಿದರು.